ಚಾರ್ಜ್ ಪಟ್ಟಿಗೆ ಬಾರದ ಊರು

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರನ್ನು ಮಾತಾಡಿಸಿದರೆ ಅವರ ಆಸೆಯ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೊದಲು ಅಸಿಸ್ಟೆಂಟ್ ಕಮಿಷನರ್, ಆಮೇಲೆ ಡಿವೈಎಸ್ಪಿ, ಆಮೇಲೆ ತಹಸೀಲ್ದಾರ್, ವಾಣಿಜ್ಯ ತೆರಿಗೆ. ಪುರಸಭೆ ಮುಖ್ಯಾಧಿಕಾರಿ ಎಂಬ ಹುದ್ದೆಗೆ ಅದರಲ್ಲಿ ಕೊನೆಯ ಜಾಗ. ‘ಬೇರೇನೂ ಸಿಗದಿದ್ದರೆ ಅದೂ ಆದೀತು’ ಎನ್ನುವ ಜಾಗ. ಯಾಕೆ ಎಂದು ಕೇಳಿದರೆ ಉತ್ತರಕ್ಕೆ ತಡವಿಲ್ಲ: “ಕಸ, ನೀರು, ಚರಂಡಿ, ಕೌನ್ಸಿಲರುಗಳ ಗಲಾಟೆ. ಯಾರಿಗೆ ಬೇಕು ಮೇಡಂ?”

ನನ್ನ ಸರ್ವೀಸೆಲ್ಲ ಆ ಕಸ, ನೀರು, ಚರಂಡಿಯಲ್ಲೇ ಕಳೆಯಿತು. ಮಗು ಹುಟ್ಟಿದರೆ ಜನನ ಪತ್ರ, ಮನೆ ಕಟ್ಟಿದರೆ ಪರವಾನಗಿ, ಅಂಗಡಿ ಇಟ್ಟರೆ ಲೈಸೆನ್ಸು, ಬೆಳಗ್ಗೆ ಎದ್ದರೆ ನಲ್ಲಿ, ರಾತ್ರಿಯಾದರೆ ಬೀದಿದೀಪ, ಕಡೆಗೆ ಸತ್ತರೆ ಸ್ಮಶಾನದ ಜಾಗ. ಒಬ್ಬ ಮನುಷ್ಯನ ಬದುಕಿಗೆ ಇಷ್ಟು ಹತ್ತಿರ ನಿಲ್ಲುವ ಸರ್ಕಾರ ಇನ್ನೊಂದಿಲ್ಲ. ಆ ಸರ್ಕಾರವನ್ನು ದಿನಬೆಳಗಾದರೆ ನಡೆಸುವ ವೃತ್ತಿಗೆ ನಮ್ಮಲ್ಲಿ ಇಷ್ಟು ಕಡಿಮೆ ಬೆಲೆ ಯಾಕೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಂಬಳ, ಬಡ್ತಿ, ಕಾರು ಎಂದೆಲ್ಲ ಕಾರಣ ಕೊಡಬಹುದು. ಅವು ನಿಜವೂ ಹೌದು. ಆದರೆ ಅವುಗಳಿಗಿಂತ ಆಳದಲ್ಲಿ ಒಂದು ಕಾರಣವಿದೆ ಎಂದು ಈಗ ಅನಿಸುತ್ತದೆ: ಊರು ನಡೆಸುವುದಕ್ಕೆ ಒಂದು ವಿದ್ಯೆ ಬೇಕು, ಅದನ್ನು ಕಲಿಯಬೇಕು, ಕಲಿತದ್ದನ್ನು ಮುಂದಿನವರಿಗೆ ದಾಟಿಸಬೇಕು ಎಂಬುದನ್ನೇ ನಮ್ಮ ವ್ಯವಸ್ಥೆ ಒಪ್ಪಿಕೊಂಡಿಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಬೆಂಗಳೂರಿಗೆ ಈಗ ಬೇರೆಯದೇ ಕಾಯ್ದೆ ಇದೆ. ಉಳಿದ ಕರ್ನಾಟಕದ ಪಟ್ಟಣಗಳು 1964ರ ಪುರಸಭೆಗಳ ಕಾಯ್ದೆ, 1976ರ ಮಹಾನಗರ ಪಾಲಿಕೆಗಳ ಕಾಯ್ದೆ ಇವೆರಡರ ಅಡಿ ನಡೆಯುತ್ತವೆ. ಸ್ಥೂಲವಾಗಿ 10,000ದಿಂದ 20,000 ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, 50,000ದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರ ಮೇಲೆ ಮಹಾನಗರ ಪಾಲಿಕೆ. ಮೊದಲೆರಡಕ್ಕೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತ, ಪಾಲಿಕೆಗೆ ಆಯುಕ್ತ. ಈ ಅಧಿಕಾರಿಯನ್ನು ಊರು ಆರಿಸುವುದಿಲ್ಲ, ಸರ್ಕಾರ ಕಳಿಸುತ್ತದೆ. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಮುಖ್ಯಾಧಿಕಾರಿ ಕೂರಬಹುದು, ವಿವರಣೆ ಕೊಡಬಹುದು, ಮತ ಹಾಕುವಂತಿಲ್ಲ. ಸಭೆ ಮುಗಿದ ಮೇಲೆ ಆದ ಠರಾವನ್ನೆಲ್ಲ ಜಾರಿ ಮಾಡುವುದು, ಪ್ರತಿ ಬಿಲ್ಲಿಗೂ ಸಹಿ ಹಾಕುವುದು, ಆಡಿಟ್ ಆಕ್ಷೇಪಣೆ ಬಂದಾಗ ಉತ್ತರ ಕೊಡುವುದು ಮಾತ್ರ ಅವರೇ.

ಹೊಸ ಊರಿಗೆ ಹೋದ ದಿನ ಹಿಂದಿನವರಿಂದ ಚಾರ್ಜ್ ತೆಗೆದುಕೊಳ್ಳುತ್ತೇವೆ. ಅದಕ್ಕೊಂದು ಪಟ್ಟಿ ಇರುತ್ತದೆ. ನಗದು ಪುಸ್ತಕ, ಚೆಕ್ ಪುಸ್ತಕ, ಅಳತೆ ಪುಸ್ತಕಗಳು, ದಾಸ್ತಾನು ರಿಜಿಸ್ಟರು, ವಾಹನಗಳು, ಬೀರುವಿನ ಬೀಗದ ಕೈ, ಕೋರ್ಟಿನಲ್ಲಿರುವ ಪ್ರಕರಣಗಳು. ಇಬ್ಬರೂ ಸಹಿ ಹಾಕಿದರೆ ಊರು ಕೈ ಬದಲಾಯಿತು ಎಂದು ಲೆಕ್ಕ. ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ, ಮಳೆ ಬಂದರೆ ಮೊದಲು ಯಾವ ಕೇರಿಗೆ ನೀರು ನುಗ್ಗುತ್ತದೆ ಎಂಬುದು ಅದರಲ್ಲಿ ಸಿಗುವುದಿಲ್ಲ.

ಅದು ನನಗೆ ಸಿಕ್ಕಿದ್ದು ಒಬ್ಬ ನೀರುಗಂಟಿಯ ಬಳಿ. ಬಯಲುಸೀಮೆಯ ಒಂದು ಪುರಸಭೆ. ನೀರು ಬರುತ್ತಿದ್ದದ್ದು ಐದು ದಿನಕ್ಕೊಮ್ಮೆ. ಸೇರಿದ ಹೊಸದರಲ್ಲಿ, ನೀರು ಬಿಡುವುದನ್ನು ನೋಡಲೇಬೇಕೆಂದು ಬೆಳಗಿನ ನಾಲ್ಕೂವರೆಗೆ ಅವರ ಜೊತೆ ಹೊರಟೆ. ಅವರ ಕೈಯಲ್ಲಿ ಎದೆಯ ಎತ್ತರದ ಕಬ್ಬಿಣದ ಕೀಲಿ, ಮೇಲೊಂದು ಅಡ್ಡಹಿಡಿ. ರಸ್ತೆ ಪಕ್ಕದ ಚೇಂಬರಿನ ಕಲ್ಲು ಸರಿಸಿದರೆ ಒಳಗೆ ಮೊಳಕಾಲುದ್ದ ಕೆಸರುನೀರು. ಟಾರ್ಚು ಹಿಡಿಯಲು ಹೋದ ನನ್ನನ್ನು ಬೇಡ ಎಂದು ತಡೆದು, ಕತ್ತಲಲ್ಲೇ ಕೀಲಿಯನ್ನು ವಾಲ್ವಿನ ತಲೆಗೆ ಕೂರಿಸಿದರು. ಬಾಯಲ್ಲೇ ಎಣಿಸುತ್ತಾ ತಿರುಗಿಸತೊಡಗಿದರು.

“ಇಲ್ಲಿ ಹನ್ನೊಂದಕ್ಕೆ ನಿಲ್ಲಿಸ್ಬೇಕು ಮೇಡಂ. ಹನ್ನೆರಡಾದ್ರೆ ಕೆಳಗಿನ ಕೇರಿನೇ ಎಲ್ಲಾ ಎಳ್ಕೊಂಡ್‌ಬಿಡುತ್ತೆ. ಗುಡ್ಡದ ಮೇಲಿನ ಮನೆಗಳಿಗೆ ಹನಿ ಏರಲ್ಲ.”

ಅವತ್ತು ನನ್ನ ಮೇಜಿನ ಮೇಲೆ ಒಂದು ಕಡತವಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಎರಡು ಬೀದಿಗೆ ವರ್ಷಗಳಿಂದ ನೀರು ಸಾಲದು ಎಂಬ ಅರ್ಜಿಗಳು, ಅದಕ್ಕೆ ಪರಿಹಾರವಾಗಿ ಹೊಸ ಕೊಳವೆಬಾವಿ ಕೊರೆಸಿ ಪೈಪ್‌ಲೈನ್ ಎಳೆಯಲು ಎಂಜಿನಿಯರ್ ತಯಾರಿಸಿದ್ದ ಅಂದಾಜುಪಟ್ಟಿ. ಆ ಬೀದಿಗಳ ಬಗ್ಗೆ ಸುಮ್ಮನೆ ವಿಚಾರಿಸಿದೆ. ಅವರು ರಸ್ತೆಯ ನಡುವಿನ ಒಂದು ಜಾಗವನ್ನು ಕಾಲಿನಿಂದ ತೋರಿಸಿದರು. “ಅದರ ವಾಲ್ವು ಇದರ ಕೆಳಗಿದೆ ಮೇಡಂ. ಡಾಂಬರು ಹಾಕುವಾಗ ಮುಚ್ಚಿಹೋಯ್ತು. ಕಾಲುಭಾಗ ತೆರೆದಿತ್ತು, ಹಂಗೇ ಉಳೀತು.” ಇದನ್ನು ಯಾರಿಗೂ ಹೇಳಿರಲಿಲ್ಲವೇ ಎಂದೆ. “ಹೇಳಿದ್ದೆ. ನಿಮ್ಮ ಹಿಂದಿನೋರು ಬರ್ಕೊಂಡ್ರು. ಅದೇ ತಿಂಗಳು ಅವರಿಗೆ ವರ್ಗ ಆಯ್ತು.”

ಮಾರನೇ ವಾರ ಅಗೆಸಿದೆವು. ವಾಲ್ವು ಅವರು ಕಾಲಿಟ್ಟು ತೋರಿಸಿದ ಕಡೆಯೇ ಇತ್ತು. ತುಕ್ಕು ಹಿಡಿದಿದ್ದ ಅದನ್ನು ಬದಲಿಸಿ, ಮೇಲೆ ಚೇಂಬರ್ ಕಟ್ಟಿಸಿದ ಖರ್ಚು ಅಂದಾಜುಪಟ್ಟಿಯ ಮೊತ್ತದ ಮುಂದೆ ಏನೇನೂ ಅಲ್ಲ. ಎಂಜಿನಿಯರ್ ಕೆಟ್ಟವರಾಗಿರಲಿಲ್ಲ. ಅವರೂ ಆ ಊರಿಗೆ ಬಂದು ವರ್ಷವಾಗಿರಲಿಲ್ಲ. ನೀರಿಲ್ಲ ಎಂಬ ಅರ್ಜಿ ಬಂದರೆ ಕಚೇರಿಗೆ ಗೊತ್ತಿರುವ ಉತ್ತರ ಹೊಸ ಕಾಮಗಾರಿಯೇ. ಹಳೆಯ ಊರಿನ ನೆನಪು ಕಚೇರಿಯಲ್ಲಿ ಇಲ್ಲದ ಮೇಲೆ ಪ್ರತಿ ತೊಂದರೆಯೂ ಟೆಂಡರಾಗಿ ಬದಲಾಗುವುದು ಸಹಜ. ನಮ್ಮ ಪಟ್ಟಣಗಳಲ್ಲಿ ಪೋಲಾಗುವ ಹಣದ ಬಗ್ಗೆ ಮಾತಾಡುವಾಗ ಲಂಚದ ಮಾತು ಮೊದಲು ಬರುತ್ತದೆ. ಬರಲೇಬೇಕು. ಆದರೆ ಪ್ರಾಮಾಣಿಕರು ಕೂಡ ಮರೆವಿನ ದೆಸೆಯಿಂದ ಎಷ್ಟು ಹಣ ಪೋಲು ಮಾಡುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಎಲ್ಲಿ ಹೋದರೂ ಇದೇ ಕಾಣತೊಡಗಿತು. ಯಾವ ಮನೆ ಕಂದಾಯದ ಲೆಕ್ಕದಲ್ಲಿ ಒಂದಂತಸ್ತು, ನಿಜದಲ್ಲಿ ಮೂರಂತಸ್ತು ಎಂಬುದು ಬಿಲ್ ಕಲೆಕ್ಟರಿಗೆ ಗೊತ್ತು. ಯಾವ ಕಲ್ಯಾಣ ಮಂಟಪದಿಂದ ಮದುವೆಯ ಮಾರನೇ ದಿನ ಎಷ್ಟು ಗಾಡಿ ಎಲೆ ಬರುತ್ತದೆ, ಯಾವ ಬೀದಿಯವರು ಹಸಿಕಸ ಒಣಕಸ ಬೇರೆ ಮಾಡುತ್ತಾರೆ, ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದು ಎರಡು ದಿನದಿಂದ ಬಾಗಿಲು ತೆಗೆದಿಲ್ಲ ಎಂಬುದು ಪೌರಕಾರ್ಮಿಕ ಮಹಿಳೆಗೆ ಗೊತ್ತು. ಅಧಿಕಾರವೆಲ್ಲ ಮೇಲೆ, ತಿಳಿವಳಿಕೆಯೆಲ್ಲ ಕೆಳಗೆ. ನಡುವೆ ಇರುವ ಕಡತಕ್ಕೆ ಹತ್ತುವುದು ಗೊತ್ತಿಲ್ಲ, ಇಳಿಯುವುದು ಮಾತ್ರ ಗೊತ್ತು. ಮುಖ್ಯಾಧಿಕಾರಿ ಎನಿಸಿಕೊಂಡವರ ನಿಜವಾದ ಕೆಲಸ ಆ ತಿಳಿವಳಿಕೆಯನ್ನು ಮೇಜಿನವರೆಗೆ ಹತ್ತಿಸುವುದು. ಅದಕ್ಕೆ ಮುಂಜಾನೆ ಆರಕ್ಕೆ ಹಾಜರಿ ಹಾಕುವ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ತಪಾಸಣೆ ಮಾಡಲು ನಿಂತರೆ ಯಾರೂ ಏನೂ ಹೇಳುವುದಿಲ್ಲ. ಮೈಕೈ ನೋವು, ಬಾರದ ಗ್ಲೌಸು, ತಡವಾದ ಸಂಬಳದ ಮಾತು ಮೊದಲು ಕೇಳಿಸಿಕೊಂಡರೆ, ಊರಿನ ಮಾತು ತಾನಾಗಿ ಬರುತ್ತದೆ.

ಕೌನ್ಸಿಲರುಗಳ ಗಲಾಟೆ ಎಂದರಲ್ಲ ಆ ಮಕ್ಕಳು, ಅದರ ಬಗ್ಗೆ ನನ್ನ ಅಭಿಪ್ರಾಯ ಕಾಲ ಕಳೆದಂತೆ ಗಟ್ಟಿಯಾಗಿದೆ: ಆ ಗಲಾಟೆ ಊರಿಗೆ ಬೇಕು. ಸಭೆಯಲ್ಲಿ ಕಾಗದ ಹರಿದು ಎಸೆದವರನ್ನು, ಧಿಕ್ಕಾರ ಕೂಗಿದವರನ್ನು ನೋಡಿದ್ದೇನೆ. ತಮ್ಮ ಕಡೆಯ ಗುತ್ತಿಗೆದಾರನ ಬಿಲ್ಲಿಗಾಗಿ ಒತ್ತಡ ತಂದವರನ್ನೂ ನೋಡಿದ್ದೇನೆ. ಅಂಥ ಠರಾವು ಕಾನೂನಿಗೆ ವಿರುದ್ಧವಾದರೆ ಜಿಲ್ಲಾಧಿಕಾರಿಗೆ ವರದಿ ಮಾಡಿ ತಡೆಸುವ ದಾರಿ ಕಾಯ್ದೆಯಲ್ಲೇ ಇದೆ. ಅದನ್ನು ಬಳಸಿದ್ದೇನೆ, ಅದರ ಬಿಸಿಯನ್ನೂ ತಿಂದಿದ್ದೇನೆ. ಆದರೆ ನಮ್ಮಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಮೊದಲ ಸಭೆಗೆ ಗಂಡನ ಹಿಂದೆ ಬಂದು ಮಾತಾಡದೆ ಕೂತಿದ್ದ ಒಬ್ಬ ಸದಸ್ಯೆ, ವರ್ಷ ಕಳೆಯುವಷ್ಟರಲ್ಲಿ ತಮ್ಮ ವಾರ್ಡಿನ ಸಾರ್ವಜನಿಕ ಶೌಚಾಲಯಕ್ಕೆ ರಾತ್ರಿ ದೀಪವಿಲ್ಲ, ಹೆಣ್ಣುಮಕ್ಕಳು ಸಂಜೆಯ ಮೇಲೆ ಹೋಗುತ್ತಿಲ್ಲ ಎಂದು ಎದ್ದು ನಿಂತು ಹೇಳಿದರು. ಗಂಡ ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದರು. ನಮ್ಮ ಆರೋಗ್ಯ ನಿರೀಕ್ಷಕರ ವರದಿಯಲ್ಲಿ ಅದೇ ಶೌಚಾಲಯ ‘ಸುಸ್ಥಿತಿಯಲ್ಲಿದೆ’ ಎಂದಿತ್ತು.

ಆ ಗಲಾಟೆಯೇ ಇಲ್ಲದ ಕಾಲವೂ ಬಂತು. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಚುನಾವಣೆ ನಡೆಯಿತು. ಗೆದ್ದವರು ಮನೆಯಲ್ಲೇ ಕೂರಬೇಕಾಯಿತು. ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ತಕರಾರು ನ್ಯಾಯಾಲಯಕ್ಕೆ ಹೋಗಿ, ಅಧ್ಯಕ್ಷರ ಆಯ್ಕೆ 2020ರ ಕೊನೆಯವರೆಗೆ ಎಳೆಯಿತು. ಅಷ್ಟೂ ಕಾಲ ಆಡಳಿತಾಧಿಕಾರಿಗಳ ಕೈಯಲ್ಲಿ ಊರು. ಬೆಂಗಳೂರಿನ ಕತೆ ಇನ್ನೂ ದೊಡ್ಡದು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಐದು ಪಾಲಿಕೆಗಳಾಗುವ ಹೊತ್ತಿಗೂ ಹೊಸ ಕೌನ್ಸಿಲಿಗೆ ಚುನಾವಣೆ ನಡೆದಿರಲಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುವ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ.

ಕೌನ್ಸಿಲ್ ಇಲ್ಲದ ದಿನಗಳಲ್ಲಿ ಕಡತ ಬೇಗ ಸಾಗುತ್ತದೆ, ಸುಳ್ಳಲ್ಲ. ಸಹೋದ್ಯೋಗಿಗಳು ನೆಮ್ಮದಿಯ ಉಸಿರು ಬಿಟ್ಟದ್ದೂ ನಿಜ. ಆದರೆ ಆ ದಿನಗಳಲ್ಲಿ ಕಚೇರಿಯ ಮೆಟ್ಟಿಲಿನ ಮೇಲೆ ಜಗಳವಾಡುವವರೇ ಇರಲಿಲ್ಲ ಎಂಬುದು ನನ್ನನ್ನು ಅಳುಕಿಸಿತು. ಜನರ ಅರ್ಜಿಗಳು ಬರುತ್ತಿದ್ದವು, ಸ್ವೀಕೃತಿ ಮುದ್ರೆ ಬೀಳುತ್ತಿತ್ತು, ಅಷ್ಟೇ. ಅರ್ಜಿ ಕೊಟ್ಟವರ ಬೆನ್ನಿಗೆ ನಿಂತು ‘ಇದು ಯಾಕೆ ಆಗಿಲ್ಲ ಹೇಳಿ’ ಎಂದು ಮೇಜು ಕುಟ್ಟುವವರು ಇಲ್ಲದಿದ್ದರೆ, ಒಳ್ಳೆಯ ಅಧಿಕಾರಿಯೂ ಮೆಲ್ಲಗೆ ಮೇಲಿನವರ ಕಡೆಗೆ ಮುಖ ತಿರುಗಿಸುತ್ತಾರೆ. ವಿಡಿಯೊ ಕಾನ್ಫರೆನ್ಸಿನಲ್ಲಿ ಜಿಲ್ಲೆಯ ಎಲ್ಲ ಊರುಗಳ ಪ್ರಗತಿಯ ಪಟ್ಟಿ ತೆರೆಯ ಮೇಲೆ ಬರುತ್ತದೆ. ಕೆಂಪು ಬಣ್ಣದ ಸಾಲಿನಲ್ಲಿ ತಮ್ಮ ಊರು ಬರದಂತೆ ನೋಡಿಕೊಳ್ಳುವುದೇ ಕೆಲಸವಾಗಿಬಿಡುತ್ತದೆ. ಕಂದಾಯ ವಸೂಲಿಯ ಶೇಕಡಾವಾರು ತೆರೆಯ ಮೇಲೆ ಇರುತ್ತದೆ. ಗುಡ್ಡದ ಮೇಲಿನ ಮನೆಗಳಿಗೆ ಹನಿ ಏರಿತೋ ಇಲ್ಲವೋ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಇದೇ ವೃತ್ತಿ ಬೇರೆ ಕಡೆ ಹೇಗೆ ಬೆಳೆಯಿತು ಎಂದು ಓದುವಾಗ ನನ್ನ ಗಮನ ಹಿಡಿದದ್ದು ಅಮೆರಿಕದ ಕತೆ. ಅಲ್ಲಿ ವರ್ಜೀನಿಯಾದ ಸ್ಟಾಂಟನ್ ಎಂಬ ಸಣ್ಣ ಊರು 1908ರಲ್ಲಿ ತನ್ನ ಆಡಳಿತಕ್ಕೆಂದೇ ಸಂಬಳದ ಮ್ಯಾನೇಜರನ್ನು ನೇಮಿಸಿಕೊಂಡಿತು. 1913ರ ಮಾರ್ಚಿನಲ್ಲಿ ಓಹಾಯೊದ ಡೇಟನ್ ನಗರ ಭೀಕರ ಪ್ರವಾಹಕ್ಕೆ ಸಿಕ್ಕಿತು. ಮರುವರ್ಷವೇ ಅದೂ ಈ ಪದ್ಧತಿಗೆ ಬದಲಾಯಿತು. ಅದೇ 1914ರಲ್ಲಿ ಇಂಥ ಮ್ಯಾನೇಜರುಗಳು ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಹತ್ತು ವರ್ಷದಲ್ಲಿ ತಮಗೊಂದು ನೀತಿಸಂಹಿತೆ ಬರೆದುಕೊಂಡರು. ಅಲ್ಲಿ ಮ್ಯಾನೇಜರನ್ನು ನೇಮಿಸುವುದು ಊರಿನ ಕೌನ್ಸಿಲ್, ತೆಗೆಯುವುದೂ ಅದೇ. ಸಣ್ಣ ಊರಿನಲ್ಲಿ ಹೆಸರು ಮಾಡಿದವರನ್ನು ದೊಡ್ಡ ಊರು ಕರೆಸಿಕೊಳ್ಳುತ್ತದೆ. ಆ ಪದ್ಧತಿಯನ್ನು ಹೊಗಳಿ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಮುಂದೆ ತಂದ ಸುಧಾರಕರಲ್ಲಿ ವ್ಯಾಪಾರಸ್ಥರೇ ಹೆಚ್ಚು. ಅದರ ಜೊತೆಗೇ ವಾರ್ಡುಗಳನ್ನು ಕೈಬಿಟ್ಟು ಇಡೀ ಊರಿಗೆ ಒಟ್ಟಾಗಿ ಚುನಾವಣೆ ಮಾಡುವ ಕ್ರಮವೂ ಎಷ್ಟೋ ನಗರಗಳಲ್ಲಿ ಬಂತು. ಕರಿಯರ, ಕೂಲಿಕಾರರ ಕೇರಿಗಳ ದನಿ ಅದರಿಂದ ಕುಗ್ಗಿತು. ನಮ್ಮ ವಾರ್ಡು ಸದಸ್ಯರನ್ನು ಕಳೆದುಕೊಂಡು ನಾವು ಅಂಥ ದಕ್ಷತೆ ಸಂಪಾದಿಸಬೇಕಿಲ್ಲ. ಆದರೂ ಒಂದು ವಿಷಯ ಕಲಿಯಬೇಕಾದ್ದೇ. ಊರು ನಡೆಸುವುದು ಜೀವನವಿಡೀ ಮಾಡುವ ಒಂದು ಕಸುಬು ಎಂದು ಅವರು ನೂರು ವರ್ಷದ ಹಿಂದೆಯೇ ಒಪ್ಪಿಕೊಂಡರು. ನಮ್ಮಲ್ಲಿ ಪೌರಾಡಳಿತಕ್ಕೆ ಪ್ರತ್ಯೇಕ ಸೇವೆ ಇದ್ದರೂ, ಆಯಕಟ್ಟಿನ ಹುದ್ದೆಗಳಿಗೆ ಬೇರೆ ಇಲಾಖೆಯವರು ನಿಯೋಜನೆಯ ಮೇಲೆ ಬರುತ್ತಾರೆ, ಒಂದೆರಡು ವರ್ಷ ಇದ್ದು ಹೋಗುತ್ತಾರೆ.

ಹೊರಗಿನಿಂದ ಬಂದವರೆಲ್ಲ ಊರಿಗೆ ಹೊರಗಿನವರಾಗಿಯೇ ಉಳಿಯಬೇಕಿಲ್ಲ ಎಂಬುದಕ್ಕೆ ಸೂರತ್ ಸಾಕ್ಷಿ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡು ಜನ ಲಕ್ಷಗಟ್ಟಲೆ ಊರು ಬಿಟ್ಟರು. ಮರುವರ್ಷ ಎಸ್.ಆರ್. ರಾವ್ ಎಂಬ ಐಎಎಸ್ ಅಧಿಕಾರಿ ಆಯುಕ್ತರಾಗಿ ಬಂದರು. ಅವರು ಮಾಡಿದ್ದರಲ್ಲಿ ಅನಧಿಕೃತ ಕಟ್ಟಡ ಕೆಡವಿದ್ದು, ಹೋಟೆಲುಗಳಿಗೆ ದಂಡ ಹಾಕಿದ್ದು ಸುದ್ದಿಯಾಯಿತು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆಯುಕ್ತರ ಅಧಿಕಾರವನ್ನು ವಲಯಗಳ ಅಧಿಕಾರಿಗಳಿಗೆ ಹಂಚಿಬಿಟ್ಟರು. ಹಿರಿಯರೆಲ್ಲ ದಿನವೂ ಬೆಳಗ್ಗೆ ಬೀದಿಯಲ್ಲಿರಬೇಕು, ಮಧ್ಯಾಹ್ನ ಎಲ್ಲರೂ ಕೂತು ಕಂಡದ್ದನ್ನು ಹಂಚಿಕೊಳ್ಳಬೇಕು ಎಂಬ ರೂಢಿ ಮಾಡಿದರು. ರಾತ್ರಿ ಬೀದಿ ಗುಡಿಸುವುದು, ಜ್ವರದ ಪ್ರಕರಣಗಳ ಲೆಕ್ಕ ದಿನದಿನವೂ ತರಿಸಿಕೊಳ್ಳುವುದು ನಿತ್ಯದ ಕೆಲಸವಾಯಿತು. ಎರಡು ವರ್ಷದ ಆಸುಪಾಸಿನಲ್ಲಿ ಅವರಿಗೆ ವರ್ಗವಾಯಿತು. ರೂಢಿ ಹೋಗಲಿಲ್ಲ. ಸುಮಾರು ಮೂರು ದಶಕದ ಮೇಲೆ, 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡದ್ದು ಅದೇ ಸೂರತ್.

ನಮ್ಮ ಕಡೆ ಊರು ಕಟ್ಟಿದವರ ಮಾತು ಬಂದರೆ ಮಿರ್ಜಾ ಇಸ್ಮಾಯಿಲರ ಹೆಸರು ಬರುತ್ತದೆ. ಬೆಳಗ್ಗೆ ಕುದುರೆಯೇರಿ ಬೀದಿ ಸುತ್ತುತ್ತಿದ್ದರು, ಎಲ್ಲಿ ಚರಂಡಿ ಕಟ್ಟಿದೆ, ಎಲ್ಲಿ ಗಿಡ ಒಣಗಿದೆ ಎಂದು ತಾವೇ ನೋಡುತ್ತಿದ್ದರು ಎಂದು ಮೈಸೂರಿನ ಹಿರಿಯರು ಈಗಲೂ ಹೇಳುತ್ತಾರೆ. ಹೇಳುವಾಗ ಒಂದು ಸಂಗತಿ ಮರೆಯುತ್ತೇವೆ: ಅವರು 1926ರಿಂದ 1941ರವರೆಗೆ, 15 ವರ್ಷ ದಿವಾನರಾಗಿದ್ದರು. ತಾವು ನೆಡಿಸಿದ ಗಿಡ ಮರವಾಗುವುದನ್ನು ನೋಡುವಷ್ಟು ಕಾಲ ಅವರಿಗೆ ಸಿಕ್ಕಿತು. ಅವರ ಶಿಸ್ತನ್ನು ಇವತ್ತಿನ ಅಧಿಕಾರಿಗಳಿಂದ ನಿರೀಕ್ಷಿಸುವವರು ಆ ಕಾಲಾವಧಿಯನ್ನು ಕೊಡುವ ಮಾತಾಡುವುದಿಲ್ಲ. ನಾಗರಿಕ ಸೇವೆಯವರಿಗೆ ಕನಿಷ್ಠ ಅವಧಿ ಇರಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಸಣ್ಣ ಊರಿನ ಮುಖ್ಯಾಧಿಕಾರಿಯ ಪಾಲಿಗೆ ಅದು ಇನ್ನೂ ದೂರದ ಮಾತು. ಶಾಸಕರ ಒಂದು ಪತ್ರ ಸಾಕು.

ಕೆಳಗಿನವರ ತಿಳಿವಳಿಕೆಯ ಮೇಲೆ ಊರು ನಿಂತಿದೆ ಎಂದೆ. ಆ ಮಾತಿಗೆ ಇನ್ನೊಂದು ಮುಖವಿದೆ. ಅದನ್ನು ಹೇಳದಿದ್ದರೆ ತಪ್ಪಾದೀತು.

ಒಂದು ನಗರಸಭೆಯಲ್ಲಿದ್ದಾಗ, ಮಳೆಗಾಲದ ರಾತ್ರಿ ಹನ್ನೊಂದರ ಮೇಲೆ ಫೋನು ಬಂತು. ಒಳಚರಂಡಿ (ಯುಜಿಡಿ) ಕಟ್ಟಿಕೊಂಡು ಮ್ಯಾನ್‌ಹೋಲ್ ಉಕ್ಕಿ, ಕೊಳಚೆ ಮನೆಗಳ ಒಳಗೆ ನುಗ್ಗುತ್ತಿದೆ. ನಾನು ಹೋಗುವಷ್ಟರಲ್ಲಿ ಬೀದಿಯಲ್ಲಿ ಐವತ್ತು ಜನ. ನಮ್ಮ ಜೆಟ್ಟಿಂಗ್ ಯಂತ್ರ ರಿಪೇರಿಯಲ್ಲಿತ್ತು. ಪಕ್ಕದ ಊರಿನಿಂದ ತರಿಸಬೇಕಾದರೆ ಬೆಳಗಾಗುತ್ತಿತ್ತು. ವಾರ್ಡಿನ ಸದಸ್ಯರು ಕೈಮುಗಿದು ಹೇಳಿದರು: “ಮೇಡಂ, ಮನೇಲಿ ಹಸುಗೂಸು ಇದೆ. ಯಾರನ್ನಾದ್ರೂ ಇಳಿಸಿ, ಹತ್ತು ನಿಮಿಷದ ಕೆಲಸ.” ಅವರು ದುಷ್ಟರಲ್ಲ. ಹಸುಗೂಸು ಇದ್ದದ್ದೂ ನಿಜ. ನಾನು ಆಗುವುದಿಲ್ಲ ಎಂದೆ. ಆಗ ನಮ್ಮ ಹಿರಿಯ ಕಾರ್ಮಿಕರೊಬ್ಬರು ಅಂಗಿ ಬಿಚ್ಚುತ್ತಾ ಮುಂದೆ ಬಂದರು. “ಬಿಡಿ ಮೇಡಂ, ನಾನು ಇಳೀತೀನಿ. ಹಿಂದೆಲ್ಲಾ ಇಳಿದವನೇ. ಯಾವ ಕಡೆ ಕಲ್ಲು ಸಿಕ್ಕೊಂಡಿರುತ್ತೆ ಅಂತ ನನಗೆ ಗೊತ್ತು.”

ಅವರಿಗೆ ಗೊತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಆ ತಿಳಿವಳಿಕೆ ಅವರಿಗೆ ಬಂದದ್ದು ಹೇಗೆ ಎಂಬುದೇ ನಮ್ಮೆಲ್ಲರ ಅಪರಾಧ. ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಸ್ಪಷ್ಟವಾಗಿದೆ. ಒಳಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಆ ರಾತ್ರಿ ಬೀದಿಯಲ್ಲಿ ನನ್ನ ನೆರವಿಗೆ ಬರುವ ಕಾಯ್ದೆಯ ಪುಸ್ತಕ ಇರಲಿಲ್ಲ. ಎದುರಿಗೆ ಕೊಳಚೆಯಲ್ಲಿ ನಿಂತ ತಾಯಂದಿರು, ಪಕ್ಕದಲ್ಲಿ ಇಳಿಯಲು ಸಿದ್ಧರಾದ ಮನುಷ್ಯ. ಅವರು ತಾವಾಗಿ ಒಪ್ಪಿದ್ದಾರಲ್ಲ ಎಂಬ ಸಮಾಧಾನ ನಾಲಿಗೆಯ ತುದಿಯಲ್ಲೇ ಇರುತ್ತದೆ. ತಲೆಮಾರುಗಳಿಂದ ಬೇರೆ ದಾರಿ ಇಲ್ಲದವರ ಒಪ್ಪಿಗೆ ಒಪ್ಪಿಗೆಯಲ್ಲ. ಅವರ ಅಂಗಿಯನ್ನು ಮತ್ತೆ ಹಾಕಿಸಿ, ಆ ಮನೆಗಳ ಮಕ್ಕಳನ್ನೂ ಹೆಂಗಸರನ್ನೂ ಹತ್ತಿರದ ಸಮುದಾಯ ಭವನಕ್ಕೆ ಕಳಿಸಿ, ಮೇಲಿನ ಬೀದಿಗಳ ನೀರು ನಿಲ್ಲಿಸಿ, ಬೆಳಗಿನವರೆಗೆ ಅಲ್ಲೇ ಬೈಗುಳ ಕೇಳುತ್ತಾ ನಿಂತೆವು. ಯಂತ್ರ ಬಂದಾಗ ಆ ಹಿರಿಯರೇ ಮೇಲೆ ನಿಂತು, ಪೈಪನ್ನು ಯಾವ ಕಡೆಗೆ ಎಷ್ಟು ದೂರ ಬಿಡಬೇಕೆಂದು ಹೇಳಿದರು. ಕಲ್ಲು ಅಲ್ಲೇ ಇತ್ತು.

ನಾಯಕತ್ವದ ಬಗ್ಗೆ ತರಬೇತಿಗಳಲ್ಲಿ ಏನೇನೋ ಹೇಳುತ್ತಾರೆ. ನನ್ನ ಮಟ್ಟಿಗೆ ಈ ವೃತ್ತಿಯ ನಾಯಕತ್ವ ಎಂದರೆ ಕೆಳಗಿನವರ ತಿಳಿವಳಿಕೆಯನ್ನು ಮೇಲಕ್ಕೆ ತರುವುದು, ಅಪಾಯವನ್ನೂ ಬೈಗುಳವನ್ನೂ ಕೆಳಕ್ಕೆ ಜಾರಲು ಬಿಡದೆ ತಡೆಯುವುದು. ಇವೆರಡರಲ್ಲಿ ಒಂದನ್ನು ಮಾತ್ರ ಮಾಡುವವರು ಬೇಕಾದಷ್ಟು ಜನರಿದ್ದಾರೆ.

ಕೈ ಕಟ್ಟಿಹಾಕುವ ಸಂಗತಿಗಳೂ ಕಡಿಮೆಯಿಲ್ಲ. 74ನೇ ತಿದ್ದುಪಡಿ ಊರಿನ ಸಂಸ್ಥೆಗಳಿಗೆಂದು 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಹೆಸರಿಸಿದೆ. ಆದರೆ ಅವುಗಳಲ್ಲಿ ನಗರ ಯೋಜನೆ ಪ್ರಾಧಿಕಾರದ ಕೈಯಲ್ಲಿ, ದೊಡ್ಡ ನೀರಿನ ಕಾಮಗಾರಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕೈಯಲ್ಲಿ, ಬೆಂಕಿ ನಂದಿಸುವುದು ಬೇರೆ ಇಲಾಖೆಯ ಕೈಯಲ್ಲಿ. ಕೊಳವೆ ಒಡೆದರೆ ಜನ ಬರುವುದು ಪುರಸಭೆಗೆ. ಸ್ವಂತ ಆದಾಯದಲ್ಲಿ ಆಸ್ತಿ ತೆರಿಗೆಯೇ ದೊಡ್ಡದು. ಉಳಿದದ್ದು ಅನುದಾನ, ಅದರಲ್ಲಿ ಸಂಬಳ, ಪಂಪುಗಳ ಕರೆಂಟ್ ಬಿಲ್ಲು ಕಳೆದರೆ ಊರಿನ ಇಷ್ಟಕ್ಕೆ ಉಳಿಯುವುದು ಸಣ್ಣ ಮೊತ್ತ. ಇದನ್ನು ಹಲವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಹೇಳಬೇಕಾದ್ದು, ಹಣವೂ ಅಧಿಕಾರವೂ ಇಲ್ಲದೆ ಆಗುವ ಕೆಲಸವನ್ನು.

ಬಯಲುಸೀಮೆಯ ಆ ಊರು ಬಿಡುವಾಗ ಚಾರ್ಜ್ ಪಟ್ಟಿಯ ಜೊತೆಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟೆ. ಸರ್ಕಾರಿ ನಮೂನೆ ಯಾವುದೂ ಅಲ್ಲ. ನೀರುಗಂಟಿಗಳನ್ನು ಕೂರಿಸಿಕೊಂಡು ಒಂದೊಂದು ವಾಲ್ವು ಎಲ್ಲಿದೆ, ಎಷ್ಟು ಸುತ್ತಿಗೆ ಯಾವ ಕೇರಿ ಎಂದು ಬರೆಸಿದ್ದೆ. ಯಾವ ರಾಜಕಾಲುವೆಯ ಮೇಲೆ ಯಾವ ವರ್ಷ ಯಾರ ಮನೆ ಬಂತು, ಯಾವ ಪಾರ್ಕಿನ ಜಾಗಕ್ಕೆ ಬಡಾವಣೆಯ ನಕ್ಷೆ ಯಾವ ಬೀರುವಿನಲ್ಲಿದೆ, ಯಾವ ಹಬ್ಬಕ್ಕೆ ಯಾವ ಬೀದಿಯಲ್ಲಿ ಜಾತ್ರೆ ಅಂಗಡಿಗಳ ಜಗಳ ಬರುತ್ತದೆ ಮತ್ತು ಯಾರು ಕೂತು ಮಾತಾಡಿದರೆ ಅದು ತೀರುತ್ತದೆ ಎಂಬುದೂ ಇತ್ತು. ನನ್ನ ನಂತರ ಬಂದವರು ಯುವಕರು. ಆರು ತಿಂಗಳ ಮೇಲೆ ಫೋನು ಮಾಡಿ, “ಮೇಡಂ, ಪುಸ್ತಕದಲ್ಲಿ ನಲವತ್ತೆರಡನೇ ವಾಲ್ವು ತಪ್ಪಾಗಿದೆ, ತಿದ್ದಿದ್ದೇನೆ” ಎಂದರು. ಸರ್ವೀಸಿನಲ್ಲಿ ನನಗೆ ಸಿಕ್ಕ ಪ್ರಶಂಸಾಪತ್ರಗಳು ಈಗ ಎಲ್ಲಿವೆಯೋ ಹುಡುಕಬೇಕು. ಆ ಫೋನು ಕರೆ ಮಾತ್ರ ಪದಪದವೂ ನೆನಪಿದೆ.

ಆ ಪುಸ್ತಕ ಒಬ್ಬ ಅಧಿಕಾರಿಯ ಹವ್ಯಾಸವಾಗಿ ಉಳಿಯಬಾರದು. ಹೊಸಬರೂ ಹಳಬರೂ ಕನಿಷ್ಠ ಹದಿನೈದು ದಿನ ಒಟ್ಟಿಗೆ ಊರು ಸುತ್ತುವಂತೆ ವರ್ಗಾವಣೆಯ ಆದೇಶದಲ್ಲೇ ಬರೆದರೆ ಯಾವ ಖಜಾನೆಯೂ ಬರಿದಾಗುವುದಿಲ್ಲ. ಚಾರ್ಜ್ ಪಟ್ಟಿಯ ನಮೂನೆಗೆ ‘ಊರಿನ ವಿವರ’ ಎಂಬ ಭಾಗ ಸೇರಿಸಲು ಒಂದು ಸುತ್ತೋಲೆ ಸಾಕು. ಐದಾಗಿ ಒಡೆದ ಬೆಂಗಳೂರಿನಲ್ಲಿ ಕಡತಗಳನ್ನು ಹಂಚಿಕೊಳ್ಳುವಾಗ, ಇಂಥ ನೆನಪು ಯಾರ ಪಾಲಿಗೆ ಹೋಯಿತು ಎಂದು ಯಾರಾದರೂ ಕೇಳಬೇಕಿತ್ತು.

ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ನೀರುಗಂಟಿಗಳ ಈಗಿನ ಸ್ಥಿತಿ. ಬೀದಿ ಗುಡಿಸುವ ಪೌರಕಾರ್ಮಿಕರನ್ನು ಸರ್ಕಾರ 2017ರಿಂದ ಗುತ್ತಿಗೆಯಿಂದ ಬಿಡಿಸಿ ನೇರ ಪಾವತಿಗೆ ತಂದಿತು. ಆಮೇಲೆ ಹಂತಹಂತವಾಗಿ ಖಾಯಂ ಮಾಡುವ ಕೆಲಸವೂ ಶುರುವಾಯಿತು. ದೊಡ್ಡ ಹೆಜ್ಜೆ ಅದು, ಹೋರಾಡಿ ಪಡೆದದ್ದು. ಆದರೆ ನೀರು ಬಿಡುವವರು, ಕಸದ ಗಾಡಿ ಓಡಿಸುವವರು, ಯುಜಿಡಿ ಕೆಲಸದವರಲ್ಲಿ ಬಹುಪಾಲು ಜನ ಹೊರಗುತ್ತಿಗೆಯಲ್ಲೇ ಉಳಿದರು. ಏಜೆನ್ಸಿಯ ಟೆಂಡರು ಬದಲಾದರೆ ಅವರ ಕೆಲಸ ಹೊಸ ಏಜೆನ್ಸಿಯ ಮರ್ಜಿಗೆ ಬೀಳುತ್ತದೆ. ನಾನು ನೋಡಿದ ಒಂದು ಊರಿನಲ್ಲಿ ಹಾಗೆ ಬದಲಾದಾಗ, ಹನ್ನೆರಡು ವರ್ಷ ನೀರು ಬಿಟ್ಟವರನ್ನು ಕೈಬಿಟ್ಟು ಕಡಿಮೆ ಸಂಬಳಕ್ಕೆ ಒಪ್ಪಿದ ಹುಡುಗರನ್ನು ಹಾಕಿದರು. ಬೇಸಿಗೆಯ ಮೊದಲ ವಾರದಲ್ಲೇ ಅರ್ಧ ಊರಿಗೆ ನೀರಿಲ್ಲ. ಅಧಿಕಾರಿಗಳು ಹೊಸ ಕೊಳವೆಬಾವಿಗೆ ಅಂದಾಜುಪಟ್ಟಿ ತಯಾರಿಸಿದರು. ಕೈಬಿಟ್ಟವರನ್ನು ಕರೆಸಿ ಕೇಳಿ ಎಂದು ಹೇಳಿಕಳಿಸಿದೆ. ಕರೆಸಲು ಅವರ ಹೆಸರಾಗಲಿ ವಿಳಾಸವಾಗಲಿ ಕಚೇರಿಯ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಇದ್ದದ್ದು ‘ಕಾರ್ಮಿಕರು – 14’ ಎಂಬ ಏಜೆನ್ಸಿಯ ಬಿಲ್ಲು. ಕಡೆಗೆ ಆ ವಾರ್ಡಿನ ಸದಸ್ಯೆಯೊಬ್ಬರು ಮನೆಮನೆ ವಿಚಾರಿಸಿ ಮೂವರನ್ನು ಹುಡುಕಿ ತಂದರು. ಅವರನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ವಾಪಸ್ ತೆಗೆದುಕೊಳ್ಳುವುದೆಂಬ ಕಡತ, ನಾನು ಕೊನೆಯ ಸಲ ವಿಚಾರಿಸಿದಾಗ, ಜಿಲ್ಲಾಧಿಕಾರಿ ಕಚೇರಿಯಲ್ಲಿತ್ತು.